ನೂರ ಅರವತ್ತನಾಲ್ಕನೆಯ ಸ್ಫೋಟ

“ಐದು ಪಾಯಿಂಟ್ ಎರಡು!” ಎನ್ನುತ್ತ ಪಟ್ಟಿಯಮ್ಮ ಬಾಗಿಲು ಕೂಡ ತಟ್ಟದೆ ಒಳಗೆ ಬಂದಾಗ ಅವನು ಕೀಬೋರ್ಡಿನ ಸಂದಿಗೆ ಬಿದ್ದ ಬಿಸ್ಕತ್ತಿನ ಚೂರನ್ನು ಗುಂಡುಸೂಜಿಯಿಂದ ಕೆದಕುತ್ತಿದ್ದ. ಆಕೆಯನ್ನು ಸಂಸ್ಥೆಯಲ್ಲಿ ಬೆನ್ನ ಹಿಂದೆಯೂ ಎದುರಿಗೂ ಎಲ್ಲರೂ ಪಟ್ಟಿಯಮ್ಮ ಎಂದೇ ಕರೆಯುತ್ತಿದ್ದರು. ಆಕಾಶದಲ್ಲಿ ಎಲ್ಲೆಲ್ಲೋ ಆಗುವ ಗಾಮಾ ಕಿರಣಗಳ ಸ್ಫೋಟಗಳನ್ನು ಇಪ್ಪತ್ತು ವರ್ಷಗಳಿಂದ ಒಂದೊಂದಾಗಿ ಪಟ್ಟಿಗೆ ಸೇರಿಸುತ್ತ ಬಂದವರು ಆಕೆ. ನಿವೃತ್ತಿಗೆ ಇನ್ನು ಏಳು ತಿಂಗಳಿತ್ತು. ಗುಂಡುಸೂಜಿ ಹಿಡಿದ ಬೆರಳನ್ನು ಹಾಗೇ ಮೇಲೆತ್ತಿಕೊಂಡು ಅವನು ಏನು ಐದು, ಯಾವುದು ಎರಡು ಎಂದು ನೋಡುತ್ತಿದ್ದಂತೆ ಆಕೆ ಕೈಯಲ್ಲಿದ್ದ ಹಾಳೆಯನ್ನು ಮೇಜಿನ ಮೇಲೆ ಹರಡಿದರು. ಏರಿಳಿಯುವ ಒಂದು ಗೆರೆ, ನಡುವೆ ಚೂಪಾಗಿ ಮೇಲೆದ್ದ ಒಂದೇ ಒಂದು ಮೊನೆ. “ನಾನು ಹೇಳಿರಲಿಲ್ವಾ? ಹಳೇ ಫೈಲುಗಳಲ್ಲಿ ಒಂದು ಚಿತ್ರ ಸಿಕ್ಕಿದೆ, ಸಣ್ಣ ದೂರದರ್ಶಕದ್ದು, ಅದರಲ್ಲಿ ಜಾಗ ಕರಾರುವಾಕ್ಕಾಗಿದೆ ಅಂತ. ಆ ಜಾಗಕ್ಕೇ ದೊಡ್ಡ ದೂರದರ್ಶಕ ತಿರುಗಿಸಿ ನೋಡೋಕೆ ಅರ್ಜಿ ಹಾಕಿದ್ದೆ. ಸ್ಫೋಟ ಆರಿಹೋಗಿ ಹನ್ನೊಂದು ವರ್ಷ ಆಯ್ತು, ಆದ್ರೆ ಅದು ಆದ ಗ್ಯಾಲಕ್ಸಿ ಎಲ್ಲಿಗೆ ಹೋಗುತ್ತೆ? ಅಲ್ಲೇ ಕೂತಿದೆ. ಐದು ಪಾಯಿಂಟ್ ಎರಡು ಪಟ್ಟು!”

ಅವನಿಗೆ ಮೊದಲು ಬಂದದ್ದು ಭಯವಲ್ಲ. ಆಮೇಲೆ ಆ ದಿನವನ್ನು ನೆನೆದಾಗಲೆಲ್ಲ ಅವನು ಇದನ್ನು ತನಗೆ ತಾನೇ ಒತ್ತಿ ಹೇಳಿಕೊಳ್ಳುತ್ತಿದ್ದ. ಮೊದಲು ಬಂದದ್ದು ಮೈ ಜುಮ್ಮೆನ್ನಿಸುವ ಆ ಹಳೆಯ ಬೆರಗು. ಬೆಳಕು ಹೊರಟಾಗ ಇದ್ದ ವಿಶ್ವಕ್ಕಿಂತ ಇಂದಿನ ವಿಶ್ವ ಐದು ಪಟ್ಟಿಗೂ ಹೆಚ್ಚು ಹಿಗ್ಗಿದೆ. ಹೊರಟಾಗ ಕಣ್ಣಿಗೆ ಕಾಣದ ನೇರಳಾತೀತವಾಗಿದ್ದದ್ದು, ದಾರಿಯುದ್ದಕ್ಕೂ ಜಾಗವೇ ಹಿಗ್ಗುತ್ತ ಅದರ ಜೊತೆ ತಾನೂ ಹಿಗ್ಗಿ, ಇಲ್ಲಿ ಕನ್ನಡಿಗೆ ಬಂದು ತಾಗುವಾಗ ಕೆಂಪಾಗಿತ್ತು. ಸಾವಿರದ ಇನ್ನೂರು ಕೋಟಿ ವರ್ಷಗಳ ಪ್ರಯಾಣ. ಅದು ಹೊರಟಾಗ ಸೂರ್ಯ ಇರಲಿಲ್ಲ, ಈ ಮೇಜಿನ ಮರ ಬೆಳೆದ ಮಣ್ಣಿರಲಿಲ್ಲ, ಗುಂಡುಸೂಜಿಯ ಕಬ್ಬಿಣ ಇನ್ನೂ ಯಾವ ನಕ್ಷತ್ರದ ಹೊಟ್ಟೆಯಲ್ಲಿತ್ತೋ. ಮದುವೆಯಾದ ಹೊಸತರಲ್ಲಿ ಅವನು ಹೆಂಡತಿಗೆ ತನ್ನ ಕೆಲಸ ಏನೆಂದು ವಿವರಿಸಲು ಹೋಗಿದ್ದ: ದೀಪ ನಿಜವಾಗಿ ಎಷ್ಟು ಉರಿಯುತ್ತಿದೆ ಅಂತ ಗೊತ್ತಿದ್ದರೆ, ನಮಗೆ ಎಷ್ಟು ಮಂಕಾಗಿ ಕಾಣುತ್ತದೆ ಅನ್ನೋದರಿಂದ ಅದರ ದೂರ ಹೇಳಬಹುದು, ಬೆಳಕು ಎಷ್ಟು ಹಿಗ್ಗಿದೆ ಅನ್ನೋದರಿಂದ ಈ ನಡುವೆ ವಿಶ್ವ ಎಷ್ಟು ಹಿಗ್ಗಿತು ಅಂತ ಹೇಳಬಹುದು, ಎರಡನ್ನೂ ಒಂದರ ಪಕ್ಕ ಒಂದಿಟ್ಟರೆ ವಿಶ್ವ ಯಾವಾಗ ಎಷ್ಟು ಬೇಗ ಹಿಗ್ಗಿತು ಅನ್ನೋ ಕಥೆಯೇ ಸಿಗುತ್ತೆ. ಬೇರೆ ದೀಪಗಳೆಲ್ಲ ಅರ್ಧ ದಾರಿಗೇ ಕಾಣದಂತಾಗುತ್ತವೆ, ಅಷ್ಟು ಆಚೆಯಿಂದ ಕಾಣೋದು ಈ ಸ್ಫೋಟಗಳು ಮಾತ್ರ. ಅವಳು ಕೇಳಿಸಿಕೊಂಡು, “ಅಲ್ಲ, ಅಷ್ಟು ದೂರ ಹೋಗಿ ಆ ದೀಪ ಎಷ್ಟು ವ್ಯಾಟ್‌ದು ಅಂತ ಓದ್ಕೊಂಡು ಬಂದೋರು ಯಾರು?” ಎಂದಿದ್ದಳು. ಅವನು ಬಿದ್ದು ಬಿದ್ದು ನಕ್ಕಿದ್ದ, ಏಕೆಂದರೆ ಇಡೀ ಜಗತ್ತಿನ ವಿಜ್ಞಾನಿಗಳು ತಲೆ ಕೆರೆದುಕೊಳ್ಳುತ್ತಿದ್ದ ಪ್ರಶ್ನೆಯೇ ಅದು. ಹತ್ತಿರದ ಸ್ಫೋಟಗಳನ್ನು ಬೇರೆ ದೀಪಗಳ ಜೊತೆ ತಾಳೆ ನೋಡಿ, ಅವುಗಳ ಬಣ್ಣಕ್ಕೂ ಉರಿಗೂ ಇರುವ ನಂಟನ್ನು ಹಿಡಿದು, ಆ ನಂಟಿನ ಮೇಲೆ ಭಾರ ಹಾಕಿ ದೂರದವಕ್ಕೆ ಕೈ ಚಾಚಬೇಕು. ಅದಕ್ಕೇ ಒಂದೊಂದು ಸ್ಫೋಟವೂ ಬೇಕು. ಹಿಗ್ಗು ಎಷ್ಟೆಂದು ತಿಳಿಯದ ಸ್ಫೋಟ ಪಟ್ಟಿಗೆ ಬಾರದು.

“ನೂರ ಅರವತ್ತಮೂರು ಇತ್ತು, ಇದು ನೂರ ಅರವತ್ತನಾಲ್ಕು,” ಎಂದರು ಪಟ್ಟಿಯಮ್ಮ. “ಸಂಜೆ ಐದಕ್ಕೆ ಪ್ರಬಂಧ ಕಳಿಸಬೇಕು. ಈ ಚಿತ್ರ ತೆಗೆದೋರ ಹೆಸರು ಹಾಕಬೇಕಲ್ಲ, ಅದಕ್ಕೆ ಕೇಳೋಣ ಅಂತ ಬಂದೆ. ಏಳು ಗಂಟೆ ಹನ್ನೆರಡು ನಿಮಿಷಕ್ಕೆ ಮೊದಲನೇ ಚಿತ್ರ. ಒಟ್ಟು ಹನ್ನೆರಡಿವೆ. ಆದ್ರೆ ನೋಡಿ, ಒಂದೊಂದು ಚಿತ್ರ ಆದ್ಮೇಲೂ ಮೂರು ಮೂರು ನಿಮಿಷ ಖಾಲಿ. ಕ್ಯಾಮೆರಾ ಸುಮ್ನೆ ಕೂತಿದೆ. ಅಷ್ಟು ಅಮೂಲ್ಯವಾದ ಹೊತ್ತಲ್ಲಿ ಆಪರೇಟರ್ ಎದ್ದೆದ್ದು ಹೋಗಿ ಏನು ಮಾಡ್ತಿದ್ಳೋ! ಟೀ ಕುಡೀತಿದ್ಳಾ?” ಪಟ್ಟಿಯಮ್ಮ ಕನ್ನಡಕವನ್ನು ಹಣೆಗೆ ಏರಿಸಿದರು. “ಆವತ್ತು ಸಂಸ್ಥೆ ಕಡೆಯಿಂದ ಡ್ಯೂಟಿ ನಿಮ್ಮದೇ ಅಲ್ವಾ? ಫೋನು ಬರಲಿಲ್ಲ ಅಂತ ದೊಡ್ಡ ಗಲಾಟೆ ಆಯ್ತಲ್ಲ, ಅದೇ ಸಂಜೆ.”

ಹನ್ನೆರಡು ಚಿತ್ರ, ನಡುವೆ ಹನ್ನೊಂದು ಖಾಲಿ. ಆ ಖಾಲಿಗಳಲ್ಲಿ ಅವಳು ಏನು ಮಾಡುತ್ತಿದ್ದಳೆಂದು, ಅವಳನ್ನು ಬಿಟ್ಟರೆ, ಭೂಮಿಯ ಮೇಲೆ ಬಲ್ಲವನು ಅವನೊಬ್ಬನೇ. “ನೆನಪಿಲ್ಲ,” ಎಂದ. ಬಾಯಿಂದ ಆ ಮಾತು ಎಷ್ಟು ಸಲೀಸಾಗಿ ಜಾರಿತೆಂದರೆ ಅವನಿಗೇ ಹೇಸಿಗೆಯಾಯಿತು. ಪಟ್ಟಿಯಮ್ಮ ಅವನ ಮುಖವನ್ನು ನೋಡಿ, “ವಿಶ್ವ ಹಿಗ್ತಾ ಇದೆ ಅಂತ ಸುದ್ದಿ ತಂದ್ರೆ ನೀವ್ಯಾಕೆ ಕುಗ್ತಿದೀರಿ?” ಎಂದು ನಗುತ್ತ ಹೋದರು.

ಆ ಸಂಜೆ ಅವನು ಸಲೂನಿನ ಕುರ್ಚಿಯಲ್ಲಿದ್ದ. ನಲವತ್ತು ದಾಟಿತ್ತಷ್ಟೆ. ಹಿಂದಿನ ದಿನ ಯಾವುದೋ ಸಭೆಯಲ್ಲಿ, ಹೊರಗಿನಿಂದ ಬಂದಿದ್ದ ಒಬ್ಬಳು ನರೆತ ತಲೆ ನೋಡಿ ಅವನನ್ನು ಅವನ ಗುರುಗಳೆಂದು ತಪ್ಪು ತಿಳಿದು, “ನಿಮ್ಮ ಶಿಷ್ಯರು ಬರ್ಲಿಲ್ವಾ?” ಎಂದು ಕೇಳಿದ್ದಳು, ಸುತ್ತಲಿದ್ದವರು ನಕ್ಕಿದ್ದರು, ಅವನೂ ನಕ್ಕಿದ್ದ. ಮರುದಿನ ಸಂಜೆ ಯಾರಿಗೂ ಹೇಳದೆ ಮೂರು ಬೀದಿ ಆಚೆಯ, ಪರಿಚಯದವರು ಬಾರದ ಸಲೂನನ್ನು ಹುಡುಕಿಕೊಂಡು ಹೋಗಿದ್ದ. ಡ್ಯೂಟಿಯ ಫೋನು ಅಂಗಿಯ ಜೇಬಿನಲ್ಲಿತ್ತು, ಅಂಗಿ ಗೋಡೆಯ ಮೊಳೆಯಲ್ಲಿತ್ತು. ತಲೆಗೆ ಕಪ್ಪು ಬಣ್ಣ ಬಳಿದು ಪ್ಲಾಸ್ಟಿಕ್ ಟೋಪಿ ಹಾಕಿ, ಅರ್ಧ ಗಂಟೆ ಅಲ್ಲಾಡಬೇಡಿ ಎಂದು ಕ್ಷೌರಿಕ ಹೇಳಿದ್ದ. ಫೋನು ಗುಯ್ಯೆಂದಿತು. ಮೊದಲ ಸಲ ಗುಯ್ಯೆಂದಾಗಲೇ ಅವನಿಗೆ ಕೇಳಿಸಿತ್ತು. ಇದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಕೇಳಿಸಿತ್ತು. ಆದರೆ ಎದ್ದು ಹೋಗೋಣವೆಂದರೆ ಆ ಬಿಳಿ ಬಟ್ಟೆ, ಆ ಟೋಪಿ, ಕಿವಿಯ ಮೇಲೆ ಇಳಿಯುತ್ತಿದ್ದ ಕಪ್ಪು ನೀರು, ಪಕ್ಕದ ಕುರ್ಚಿಯಲ್ಲಿ ಪತ್ರಿಕೆ ಓದುತ್ತಿದ್ದ ಅಪರಿಚಿತ. ಹೆಂಡತಿಯದ್ದಿರಬೇಕು ಎಂದುಕೊಂಡ, ಅದು ಹೆಂಡತಿಗೆ ಗೊತ್ತಿಲ್ಲದ ನಂಬರು ಎಂದು ಗೊತ್ತಿದ್ದೂ. ಕೊನೆಗೆ ತಲೆ ತೊಳೆದು ಅಂಗಿ ತೊಟ್ಟು ನೋಡಿದಾಗ ಬೆಟ್ಟದ ಮೇಲಿನ ವೀಕ್ಷಣಾಲಯದಿಂದ ಹನ್ನೊಂದು ಕರೆಗಳು. ಉಪಗ್ರಹ ಸುಳಿವು ಕೊಟ್ಟ ಸ್ಫೋಟದ ಕಡೆಗೆ ದೊಡ್ಡ ದೂರದರ್ಶಕವನ್ನು ತಿರುಗಿಸಿ ಎಂದು ಹೇಳುವ ಅಧಿಕಾರ ಆ ಹೊತ್ತಿನಲ್ಲಿ ಇದ್ದದ್ದು ಅವನೊಬ್ಬನಿಗೆ. ಹೊರಗೆ ಬಂದು, ಕರೆಗಳ ಮಾತೆತ್ತದೆ, ತಾನಾಗಿಯೇ ಎಂಬಂತೆ ಬೆಟ್ಟಕ್ಕೆ ಫೋನು ಮಾಡುವಷ್ಟರಲ್ಲಿ ಬೆಟ್ಟದ ಮೇಲೆ ಮೋಡ ಕವಿದಿತ್ತು, ಮೋಡ ಸರಿಯುವಷ್ಟರಲ್ಲಿ ಸ್ಫೋಟದ ಬೆಳಕು ಆರಿತ್ತು. ಸಾವಿರದ ಇನ್ನೂರು ಕೋಟಿ ವರ್ಷ ಎಲ್ಲಿಯೂ ನಿಲ್ಲದೆ ಬಂದದ್ದು ಬಾಗಿಲು ಬಡಿದು ಬಡಿದು ಹೋಗಿತ್ತು. ಒಳಗಿದ್ದವನು ತಲೆಗೆ ಬಣ್ಣ ಹಾಕಿಸಿಕೊಳ್ಳುತ್ತಿದ್ದ. ಮನೆಗೆ ಹೋದಾಗ ಹೆಂಡತಿ, “ಓಹೋ, ಇದೇನು ಇವತ್ತು, ಯಾರನ್ನ ಮೆಚ್ಚಿಸೋಕೆ?” ಎಂದಿದ್ದಳು. ಅವನು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ಆ ಹನ್ನೊಂದು ಕರೆಗಳನ್ನು ಫೋನಿನಿಂದ ಅಳಿಸಿದ್ದ.

ವಿಚಾರಣಾ ಸಮಿತಿಯ ಮುಂದೆ ಅವನು ಹೇಳಿದ್ದು ಒಂದೇ ವಾಕ್ಯ: ಫೋನು ನನ್ನ ಹತ್ತಿರವೇ ಇತ್ತು, ಬಡಿಯಲಿಲ್ಲ. ಉಳಿದದ್ದನ್ನು ಸಮಿತಿಯೇ ಕಟ್ಟಿತು. ಡ್ಯೂಟಿಯ ನಂಬರು ಅದೇ ವಾರ ಬದಲಾಗಿತ್ತು. ವೀಕ್ಷಣಾಲಯದ ಗೋಡೆಯ ಚೀಟಿಯಲ್ಲಿ ಹಳೆಯದನ್ನು ಹೊಡೆದುಹಾಕಿ ಹೊಸದನ್ನು ಬರೆದಿತ್ತು. ಗಾಬರಿಯಲ್ಲಿ ಆಪರೇಟರ್ ಹಳೆಯ ನಂಬರನ್ನೇ ಒತ್ತಿರಬೇಕು. ಮೇಜಿನ ಆ ಕಡೆ ಅವಳು ಮಡಿಲಲ್ಲಿ ಕೈಯಿಟ್ಟುಕೊಂಡು ಕೂತಿದ್ದಳು, ಗುತ್ತಿಗೆಯ ಮೇಲೆ ನಾಲ್ಕು ವರ್ಷದಿಂದ ಇದ್ದವಳು. “ಹೊಸದನ್ನೇ ಒತ್ತಿದೆ ಅಂತ ಅನ್ಸುತ್ತೆ ಸಾರ್,” ಎಂದಳು. ಅನ್ಸುತ್ತೆ ಎಂದರೆ ಏನು, ಖಚಿತವಾಗಿ ಹೇಳಿ ಎಂದರು. ಅವಳು ಅವನ ಕಡೆ ನೋಡಿದಳು. ಆ ನೋಟದಲ್ಲಿ ಅನುಮಾನವೇ ಇರಲಿಲ್ಲ, ಅದೇ ಅವನನ್ನು ಇಷ್ಟು ವರ್ಷ ಸುಟ್ಟದ್ದು. ಬಡಿಯಲಿಲ್ಲ ಎಂದು ಅವನು ಹೇಳಿದ್ದರಿಂದ ಬಡಿದಿರಲಿಕ್ಕಿಲ್ಲ ಎಂದು ಅವಳು ನಂಬಿದಂತಿತ್ತು. “ಖಚಿತವಾಗಿ ಹೇಳೋಕಾಗಲ್ಲ,” ಎಂದಳು. ತಾನು ತೆಗೆದ ಚಿತ್ರದಲ್ಲಿ ಒಂದು ಹೊಸ ಚುಕ್ಕೆ ಕಂಡಿತೆಂದು ಅವಳು ರಿಜಿಸ್ಟರಿನಲ್ಲಿ ಬರೆದಿದ್ದಳು. ತೆಳು ಮೋಡದಲ್ಲಿ ತೆಗೆದದ್ದು, ಕ್ಯಾಮೆರಾದ ಧೂಳಿರಬೇಕು ಎಂದು ಅಧ್ಯಕ್ಷರು ಪುಟ ಮಗುಚಿದ್ದರು. ಮುಂದಿನ ತಿಂಗಳು ಗುತ್ತಿಗೆ ಮುಂದುವರಿಯಲಿಲ್ಲ. ಈಗ್ಗೆ ಎರಡು ವರ್ಷದ ಹಿಂದೆ, ಮಾವನನ್ನು ಆಸ್ಪತ್ರೆಗೆ ಸೇರಿಸಿದ್ದಾಗ, ಅವಳು ಹಾಸಿಗೆ ಬಟ್ಟೆಗಳ ಗಾಡಿ ತಳ್ಳಿಕೊಂಡು ಮೊಗಸಾಲೆಯಲ್ಲಿ ಎದುರಿಗೇ ಬಂದಿದ್ದಳು. ಅವನು ಗೋಡೆಗೆ ತಿರುಗಿ, ಬೆಂಕಿ ನಂದಿಸುವ ಸಿಲಿಂಡರಿನ ಮೇಲಿನ ಸೂಚನೆಗಳನ್ನು ಒಂದರಿಂದ ಆರರವರೆಗೆ ಓದುತ್ತ ನಿಂತಿದ್ದ, ಗಾಡಿಯ ಚಕ್ರದ ಕಿರುಗುಟ್ಟು ದೂರವಾಗುವವರೆಗೆ.

ಪಟ್ಟಿಯಮ್ಮ ಹೋದ ಮೇಲೆ, ಹನ್ನೆರಡೂವರೆಗೆ ಅವನು ಎದ್ದ. ಹೋಗಬೇಕೆಂದು ತೀರ್ಮಾನ ಮಾಡಿ ಎದ್ದದ್ದಲ್ಲ. ಕಿಟಕಿ ಮುಚ್ಚಲು ಎದ್ದವನು ಬಾಗಿಲಿನವರೆಗೆ ಹೋದ, ಬಾಗಿಲಿನವರೆಗೆ ಹೋದವನು ಬೀದಿಗಿಳಿದ. ಬಿಸಿಲು ಚುರುಗುಟ್ಟುತ್ತಿತ್ತು. ಸೈಕಲ್ ರಿಪೇರಿಯವನು ಸೈಕಲನ್ನು ತಲೆಕೆಳಗಾಗಿ ನಿಲ್ಲಿಸಿ ಚಕ್ರ ತಿರುಗಿಸುತ್ತಿದ್ದ, ಔಷಧದಂಗಡಿಯ ಮುಂದೆ ಇಬ್ಬರು ಹೆಂಗಸರು ಯಾರದ್ದೋ ಸೊಸೆಯನ್ನು ಆಡಿಕೊಳ್ಳುತ್ತಿದ್ದರು. ಈ ಎಲ್ಲರ ಮೇಲೂ ಈ ಕ್ಷಣ, ಈ ಬಿಸಿಲಿನ ಜೊತೆಗೇ, ಎಷ್ಟೆಷ್ಟೋ ಕೋಟಿ ವರ್ಷ ಹಳೆಯ ಬೆಳಕು ಸುರಿಯುತ್ತಿದೆ ಎಂದು ಅವನಿಗೆ ಹೊಳೆದು ನಡಿಗೆ ನಿಂತಿತು. ಸುರಿಯುತ್ತಲೇ ಇರುತ್ತದೆ, ಸೈಕಲಿನವನ ಬೋಳು ತಲೆಗೂ ಬೀಳುತ್ತದೆ. ಇಷ್ಟು ದೊಡ್ಡದೊಂದರ ಎದುರು ತನ್ನ ಸುಳ್ಳು ಎಷ್ಟರದು ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದ. ಅದು ಅವನ ಹಳೆಯ ಚಾಳಿ. ಆದರೆ ಇವತ್ತು ಆ ಲೆಕ್ಕ ತಿರುಗುಮುರುಗಾಯಿತು. ಅಷ್ಟು ದೊಡ್ಡದನ್ನು ಆ ಸಂಜೆ ಕಂಡದ್ದು ಒಬ್ಬಳೇ ಒಬ್ಬಳು, ಅವಳು ಕಂಡದ್ದಕ್ಕೆ ಧೂಳು ಎಂದು ಹೆಸರಿಡಲು ಬಿಟ್ಟವನು ತಾನು.

ಆಸ್ಪತ್ರೆಯ ಹಿಂಬದಿಯಲ್ಲಿ ಲಾಂಡ್ರಿ. ಆಳೆತ್ತರದ ಯಂತ್ರಗಳು ಗುಡುಗುಡು ಸುತ್ತುತ್ತಿದ್ದವು, ಹಬೆಯಲ್ಲಿ ಕಿಟಕಿಗಳು ಬೆವೆತಿದ್ದವು. ಅವಳ ಕೂದಲು ಅರ್ಧ ನರೆತಿತ್ತು.

“ಸಾರ್, ನೀವಾ? ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?”

“ಇಲ್ಲ, ಎಲ್ಲ ಚೆನ್ನಾಗಿದಾರೆ. ನಿಮ್ಮ ಹತ್ರ ಒಂದು ಮಾತು ಹೇಳಬೇಕಿತ್ತು.”

“ಹೇಳಿ. ಆದ್ರೆ ಕೈ ನಿಲ್ಸೋ ಹಾಗಿಲ್ಲ, ಎರಡು ಗಂಟೆಗೆ ಇವೆಲ್ಲ ಆಪರೇಷನ್ ಥಿಯೇಟರಿಗೆ ಹೋಗಬೇಕು. ಜೊತೆಯವಳು ರಜಾ ಹಾಕಿದಾಳೆ.” ಒಂದು ಬಿಳಿ ಬಟ್ಟೆಯ ಎರಡು ತುದಿಗಳನ್ನು ಅವನ ಕಡೆ ಚಾಚಿದಳು. “ಹಿಡ್ಕೊಳ್ಳಿ. ಉದ್ದಕ್ಕಲ್ಲ ಸಾರ್, ಮೊದಲು ಅಡ್ಡಕ್ಕೆ.”

ಬಟ್ಟೆ ಇನ್ನೂ ಬಿಸಿಯಾಗಿತ್ತು. ಒಂದನ್ನು ಮಡಿಸಿದರು, ಎರಡನ್ನು ಮಡಿಸಿದರು. ಮೂರನೆಯದಕ್ಕೆ ಅವನು, “ಆವತ್ತು ನೀವು ತೆಗೆದ ಚಿತ್ರ ಸಿಕ್ಕಿದೆ,” ಎಂದ.

ಯಾವ ದಿನ ಎಂದು ಅವಳು ಕೇಳಲಿಲ್ಲ. “ಚುಕ್ಕೆ ಇತ್ತಾ ಸಾರ್?”

“ಇತ್ತು.”

“ಧೂಳಲ್ವಾ?”

“ಅಲ್ಲ. ಅದೇ ಸ್ಫೋಟ. ಆ ಚಿತ್ರದಿಂದಲೇ ಅದರ ಗ್ಯಾಲಕ್ಸಿ ಸಿಕ್ತು. ನೀವು ತೆಗೀದೇ ಇದ್ದಿದ್ರೆ ಯಾವತ್ತೂ ಸಿಕ್ತಿರಲಿಲ್ಲ.”

ಅವಳ ಮುಖ ಅರಳಿತು. ಅಷ್ಟು ಸಂತೋಷವನ್ನು ಒಂದು ಮುಖದಲ್ಲಿ ಅವನು ನೋಡಿ ಬಹಳ ಕಾಲವಾಗಿತ್ತು. ಇಲ್ಲಿಗೇ ನಿಲ್ಲಿಸಬಹುದು, ಇದಿಷ್ಟನ್ನೇ ಹೇಳಿ ಒಳ್ಳೆಯವನಾಗಿ ಹಿಂದಿರುಗಬಹುದು ಎಂದು ಅನ್ನಿಸಿತು. ಅಷ್ಟರಲ್ಲಿ ಅವಳೇ, “ಇಷ್ಟು ದೂರ ಬಂದು ಹೇಳಿದ್ರಲ್ಲ ಸಾರ್, ನಿಮ್ಮದು ದೊಡ್ಡ ಮನಸ್ಸು. ನನ್ನ ಕೈ ತಪ್ಪಿನಿಂದ ನಿಮಗೆಲ್ಲ ಎಷ್ಟು ನಷ್ಟ ಆಯ್ತು. ಒಂದು ನಂಬರ್ ಸರಿಯಾಗಿ ಒತ್ತೋಕೆ ಬರ್ಲಿಲ್ಲ ನನಗೆ,” ಎಂದಳು.

“ನೀವು ಸರಿಯಾದ ನಂಬರನ್ನೇ ಒತ್ತಿದ್ರಿ.”

ಯಂತ್ರದ ಸದ್ದಿನಲ್ಲಿ ಕೇಳಿಸಲಿಲ್ಲವೆಂದು ಇನ್ನೊಮ್ಮೆ ಹೇಳಿದ. “ಹನ್ನೊಂದು ಸಲ ಒತ್ತಿದ್ರಿ. ಹನ್ನೊಂದು ಸಲವೂ ಬಡೀತು. ನಾನು ಎತ್ತಲಿಲ್ಲ. ಆಮೇಲೆ ಸುಳ್ಳು ಹೇಳಿದೆ.”

“ಎಲ್ಲಿದ್ರಿ?”

“ಸಲೂನಿನಲ್ಲಿ. ತಲೆಗೆ ಬಣ್ಣ ಹಾಕಿಸ್ಕೊಳ್ತಿದ್ದೆ.”

ಅವಳು ನಗಬಹುದು ಎಂದು ಹೆದರಿದ್ದ. ನಗಲಿಲ್ಲ. ಬಟ್ಟೆ ಇಬ್ಬರ ನಡುವೆ ಜೋತುಬಿದ್ದಿತ್ತು. ಒಂದು ಯಂತ್ರ ಸುತ್ತು ಮುಗಿಸಿ ನಿಂತಿತು. “ನಾನು ಈಗಲೂ ಯಾರಿಗಾದ್ರೂ ಫೋನ್ ಮಾಡೋ ಮುಂಚೆ ನಂಬರನ್ನ ಮೂರು ಸಲ ಜೋರಾಗಿ ಓದ್ತೀನಿ,” ಎಂದಳು ನಿಧಾನವಾಗಿ. “ನನ್ನ ಮಗಳು ಅಣಕಿಸ್ತಾಳೆ. ಅಮ್ಮ ಪಾಠ ಒಪ್ಪಿಸ್ತಿದಾಳೆ ಅಂತ. ಬೆಟ್ಟದ ಕೆಲಸ ಹೋಗಿದ್ದಕ್ಕಲ್ಲ ಸಾರ್. ನನ್ನ ಕೈಯನ್ನ ನಾನೇ ನಂಬದ ಹಾಗೆ ಮಾಡಿದ್ರಲ್ಲ.”

“ಕ್ಷಮಿಸಿ ಅಂತ ಕೇಳೋಕೆ—”

“ಬೇಡ. ಇಲ್ಲಿ ಹೇಳಿದ್ದು ಸಾಕು. ಎಲ್ಲಿ ಸುಳ್ಳು ಹೇಳಿದ್ರೋ ಅಲ್ಲಿ ಹೋಗಿ ಹೇಳಿ, ಆ ಮೇಜಿನ ಮುಂದೆ. ಆ ತುದಿ ಬಿಡಿ ಸಾರ್, ನಾನೊಬ್ಬಳೇ ಮಡಚ್ಕೋತೀನಿ.”

ಅವನು ಬಿಟ್ಟ. ಬಾಗಿಲಿನವರೆಗೆ ಹೋಗಿದ್ದಾಗ ಹಿಂದಿನಿಂದ, “ಎಷ್ಟು ವರ್ಷ?” ಎಂದು ಕೇಳಿಸಿತು. ತಿರುಗಿದ. ಅವಳ ಕಣ್ಣು ಕೆಂಪಾಗಿತ್ತು, ಆದರೆ ಪ್ರಶ್ನೆ ಬೆಟ್ಟದ ಮೇಲಿದ್ದ ಆ ಆಪರೇಟರಿನದೇ. “ಅದರ ಬೆಳಕು ಹೊರಟು ಎಷ್ಟು ವರ್ಷ ಆಗಿತ್ತು?”

“ಸಾವಿರದ ಇನ್ನೂರು ಕೋಟಿ.”

ಅವಳು ಒಗೆದ ಬಟ್ಟೆಗಳ ರಾಶಿಯ ಮೇಲೆ ಕೂತುಬಿಟ್ಟಳು.

ಹಿಂದಿರುಗುವಾಗ ಅವನು ಎರಡು ಬೀದಿ ತಪ್ಪಿ ಸುತ್ತಿ ಬಂದ. ಪಟ್ಟಿಯಮ್ಮನಿಗೆ ನಿಂತುಕೊಂಡೇ ಹೇಳಿದ. ಆಕೆ ಬೈಯುತ್ತಾರೆಂದು ಕಾದ, ಆಕೆ ಪರದೆಯ ಮೇಲಿದ್ದ ಆ ಹನ್ನೊಂದು ಖಾಲಿ ಜಾಗಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟುತ್ತ, “ಪಕ್ಕದ ಕೋಣೆಗೆ ಓಡಿ ಹೋಗಿ ಫೋನ್ ಮಾಡಿ ಮತ್ತೆ ಓಡಿ ಬಂದಿದಾಳೆ... ನಾನು ಟೀ ಅಂದೆ,” ಎಂದು ಕಣ್ಣೊರೆಸಿಕೊಂಡರು. ಆಮೇಲೆ ಗಡಸಾಗಿ, “ಪ್ರಬಂಧ ಇವತ್ತು ಹೋಗೋದಿಲ್ಲ. ಮೊದಲು ಪತ್ರ ಬರೀರಿ,” ಎಂದರು. ಅವನು ಬರೆದ. ಮೊದಲ ಕರಡಿನಲ್ಲಿ ‘ಅನಿವಾರ್ಯ ಕಾರಣದಿಂದ’ ಎಂಬ ಮಾತು ನುಸುಳಿತ್ತು. ಪಟ್ಟಿಯಮ್ಮ ಅದರ ಮೇಲೆ ಅಡ್ಡಗೆರೆ ಎಳೆದು ‘ಸಲೂನ್’ ಎಂದು ಬರೆಯಿಸಿದರು. ನಿರ್ದೇಶಕರು ಓದಿ, ಹಾಳೆಯನ್ನು ಮಗುಚಿಟ್ಟು, ಸಮಿತಿಯನ್ನು ಮತ್ತೆ ಕರೆಯಿಸಿದರು. ಒಂಬತ್ತು ದಿನಗಳ ನಂತರ ಅದೇ ಉದ್ದ ಮೇಜಿನ ಮುಂದೆ ಅವನು ಅದನ್ನು ಗಟ್ಟಿಯಾಗಿ ಓದಿದ. ಕೊನೆಯಲ್ಲಿ ಯಾರೋ ಮುಸಿ ನಕ್ಕರು. ಆ ನಗು ತಾನು ಹನ್ನೊಂದು ವರ್ಷ ಹೆದರಿದಷ್ಟು ದೊಡ್ಡದಾಗಿರಲಿಲ್ಲ, ಅದರಿಂದಲೇ ಅವನಿಗೆ ಹೆಚ್ಚು ನೋವಾಯಿತು. ಇಷ್ಟು ಸಣ್ಣದಕ್ಕೇ ಹೆದರಿದ್ದೆನೇ? ತಂಡದ ಮುಖ್ಯಸ್ಥನ ಸ್ಥಾನದಿಂದ ಅವನನ್ನು ಇಳಿಸಿದರು. ಅವಳ ಕಡತದಲ್ಲಿದ್ದ ಟಿಪ್ಪಣಿಯನ್ನು ರದ್ದುಮಾಡಿ, ಬೆಟ್ಟದ ಕೆಲಸಕ್ಕೆ ಮತ್ತೆ ಬರಬಹುದೆಂದು ಕಾಗದ ಕಳಿಸಿದರು. ಯೋಚಿಸಿ ಹೇಳುತ್ತೇನೆ ಎಂದು ಅವಳು ಉತ್ತರಿಸಿದಳಂತೆ. ಪ್ರಬಂಧದ ಲೇಖಕರ ಸಾಲಿನಲ್ಲಿ ಪಟ್ಟಿಯಮ್ಮ ಅವಳ ಹೆಸರನ್ನು ಅವನ ಹೆಸರಿಗಿಂತ ಮುಂದೆ ಹಾಕಿದರು.

ಅವಳು ಬಂದದ್ದು ತಿಂಗಳಾದ ಮೇಲೆ, ಒಂದು ಮಧ್ಯಾಹ್ನ, ಮಗಳನ್ನು ಕರೆದುಕೊಂಡು. ಬಾಗಿಲಲ್ಲಿ ಅವನನ್ನು ಕಂಡು, “ನಿಮ್ಮನ್ನ ನೋಡೋಕೆ ಬಂದಿಲ್ಲ ಸಾರ್. ಅದನ್ನ ನೋಡೋಕೆ ಬಂದೆ,” ಎಂದಳು. ಕೋಣೆಯಲ್ಲಿ ಇದ್ದದ್ದು ಎರಡು ಕುರ್ಚಿ. ಅವನು ತನ್ನದನ್ನು ಬಿಟ್ಟುಕೊಟ್ಟು ಗೋಡೆಗೆ ಒರಗಿ ನಿಂತ. ಪಟ್ಟಿಯಮ್ಮ ಪರದೆಯ ಮೇಲೆ ನಕ್ಷೆಯನ್ನು ತೆರೆದರು: ಎಡಗಡೆ ಹತ್ತಿರದ ದೀಪಗಳ ದಟ್ಟ ಗುಂಪು, ಬಲಕ್ಕೆ ಹೋದಂತೆ ವಿರಳವಾಗುತ್ತ ಹೋಗುವ ಸ್ಫೋಟಗಳ ಚುಕ್ಕೆಗಳು, ಅವೆಲ್ಲವನ್ನೂ ಸವರಿಕೊಂಡು ಮೇಲೇರುವ ಒಂದು ಗೆರೆ. ಇದು ವಿಶ್ವ ಹಿಗ್ಗಿದ ದಾರಿ. ಆಚೆ ತುದಿಯಲ್ಲಿ, ಸುತ್ತ ಯಾರೂ ಇಲ್ಲದ ಕಡೆ, ಒಂದು ಕೆಂಪು ಚುಕ್ಕೆ. “ಇದೊಂದರಿಂದ ಗೆರೆ ಬದಲಾಯ್ತಾ?” ಎಂದು ಅವಳು ಕೇಳಿದಳು. “ಬದಲಾಗಲಿಲ್ಲ,” ಎಂದರು ಪಟ್ಟಿಯಮ್ಮ, “ಆದ್ರೆ ಅಲ್ಲಿವರೆಗೂ ಗೆರೆ ಎಳೆಯೋಕೆ ಈಗ ನಮ್ಮ ಕೈ ಸ್ವಲ್ಪ ಕಡಿಮೆ ನಡುಗುತ್ತೆ.”

ಮಗಳು ತಾಯಿಯ ಭುಜದ ಮೇಲಿಂದ ಬಗ್ಗಿ, “ಅದು ಈಗ ಎಲ್ಲಿದೆ?” ಎಂದಳು.

ಪಟ್ಟಿಯಮ್ಮ ಅವನ ಕಡೆ ನೋಡಿದ್ದರಿಂದ ಅವನೇ ಹೇಳಬೇಕಾಯಿತು. “ಬೆಳಕು ಬರೋ ಅಷ್ಟರಲ್ಲಿ ನಡುವಿನ ಜಾಗ ಹಿಗ್ಗಿಬಿಟ್ಟಿದೆಯಮ್ಮ. ಆ ಗ್ಯಾಲಕ್ಸಿ ಈಗ ಬೆಳಕಿನ ಎರಡು ಸಾವಿರದ ನಾನೂರು ಕೋಟಿ ವರ್ಷಗಳ ದಾರಿಯಷ್ಟು ಆಚೆ ಇದೆ. ಇನ್ನೂ ದೂರ ಹೋಗ್ತಾನೇ ಇದೆ. ಆವಾಗ ಹೊರಟಿದ್ದು ಮುಟ್ಟಿತು. ಇವತ್ತು ಅಲ್ಲಿಂದ ಹೊರಟ ಬೆಳಕು ನಮಗೆ ಮುಟ್ಟೋದೇ ಇಲ್ಲ. ಎಷ್ಟು ಕಾಲ ಕಾದರೂ.”

ಪಟ್ಟಿಯಮ್ಮ, ಇದನ್ನೆಲ್ಲ ಇಪ್ಪತ್ತು ವರ್ಷದಿಂದ ಬಲ್ಲವರು, ಮೊದಲ ಸಲ ಕೇಳಿದಂತೆ ಕನ್ನಡಕವನ್ನು ಹಣೆಗೆ ಏರಿಸಿದರು. ಆಪರೇಟರ್ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಆ ಕೆಂಪು ಚುಕ್ಕೆಯನ್ನು ನೋಡುತ್ತಲೇ ಇದ್ದಳು, ಅವನಿಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು.

“ಅದು ಬಂದಾಗ,” ಎಂದಳು ಮಗಳಿಗೆ, “ನಾನು ಅಲ್ಲಿದ್ದೆ.”